ತಿಪ್ಪೆಗೆ ಬಿದ್ದ ಕವರು: ಕೋಲಾರ ಸೀಮೆಯ ಮನೆಕಸದ ಸಂಗತಿ

(ಬೆಟ್ಟದ ತಪ್ಪಲಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕೋಲಾರ ಸೀಮೆಯಲ್ಲಿ ಮನೆಯ ಕಸಕ್ಕೆ ಒಂದು ವಿಳಾಸವಿತ್ತು. ಅದು ತಿಪ್ಪೆ. ಮನೆ ಗುಡಿಸಿದ ಧೂಳು, ಒಲೆಯ ಬೂದಿ, ಕೊಟ್ಟಿಗೆಯ ಸಗಣಿ ಗಂಜಲ, ದನ ತಿಂದು ಬಿಟ್ಟ ರಾಗಿಹುಲ್ಲು, ಅವರೆಕಾಯಿಯ ಸಿಪ್ಪೆ, ರೇಷ್ಮೆ ಸಾಕುವ ಮನೆಯ ಹಿಪ್ಪುನೇರಳೆ ಕಡ್ಡಿ ಮತ್ತು ಹುಳುವಿನ ಹಿಕ್ಕೆ ಎಲ್ಲವೂ ಊರಂಚಿನ ಆ ಗುಂಡಿಯನ್ನು ಸೇರುತ್ತಿದ್ದವು. ಬೇಸಿಗೆಯಲ್ಲಿ, ಮುಂಗಾರು ಬೀಳುವ ಮುನ್ನ, ಎತ್ತಿನ ಗಾಡಿಗಳು ತಿಪ್ಪೆಗೊಬ್ಬರವನ್ನು ಹೊಲಕ್ಕೆ ಸಾಗಿಸುತ್ತಿದ್ದವು. ಇದನ್ನು ಯಾರೂ ಮರುಬಳಕೆ ಎಂದು ಕರೆಯಲಿಲ್ಲ. ಇದಕ್ಕೆ ಯೋಜನೆಯ ಹೆಸರಿರಲಿಲ್ಲ, ಬಣ್ಣ ಬಳಿದ ಫಲಕವೂ ಇರಲಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಯ ತಿಪ್ಪೆಯನ್ನು ನೋಡಿ ಬೇಸಾಯದ ಅಂದಾಜು ಮಾಡಿಕೊಂಡು ಹೋಗುತ್ತಿದ್ದರೆಂದು ಹಿರಿಯರು ಈಗಲೂ ಹೇಳುತ್ತಾರೆ.

ಪಟ್ಟಣದ ಮನೆಗಳಿಗೆ ತಿಪ್ಪೆ ಇರಲಿಲ್ಲ. ಅಲ್ಲಿ ಇದ್ದುದು ಕಲಗಚ್ಚು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆ, ಮಿಕ್ಕ ಅನ್ನ ಇವೆಲ್ಲ ಹಿತ್ತಿಲಿನ ಒಂದು ಬಕೆಟ್ಟನ್ನು ಸೇರುತ್ತಿದ್ದವು. ಕೋಲಾರ, ಮುಳಬಾಗಿಲುಗಳ ಹಳೆಯ ಬೀದಿಗಳಲ್ಲಿ ಹಸು ಸಾಕಿದ ಮನೆಯವರು ಸಂಜೆಗೊಮ್ಮೆ ಬಂದು, ಹಸುವಿಲ್ಲದ ಮನೆಗಳ ಕಲಗಚ್ಚನ್ನು ಒಯ್ಯುವ ಪದ್ಧತಿ ಇತ್ತು. ಪ್ರತಿಫಲವಾಗಿ ಹಸು ಈದಾಗ ಒಂದು ಲೋಟ ಗಿಣ್ಣು ಹಾಲು ಬರುತ್ತಿತ್ತು. ಆ ಬಕೆಟ್ಟಿಗೆ ಒಂದೇ ಒಂದು ಕಟ್ಟುನಿಟ್ಟು: ಹಸು ತಿನ್ನಲಾಗದ್ದು ಅದರೊಳಗೆ ಬೀಳಬಾರದು. ಗುಂಡುಪಿನ್ನು, ಗಾಜಿನ ಬಳೆಯ ಚೂರು, ಸಬೀನದ ನೀರು ಯಾವುದೂ ಕೂಡದು. ಅಕ್ಷರ ಬಾರದ ಅಜ್ಜಿಯೂ ಈ ನಿಯಮವನ್ನು ಮೀರುತ್ತಿರಲಿಲ್ಲ. ಏಕೆಂದರೆ ತಪ್ಪಿದರೆ ಸಾಯುವುದು ಎದುರು ಮನೆಯ ಹಸು, ಕೇಳಲು ಬರುವವರು ಎದುರು ಮನೆಯವರು. ಇಂದು ಸರ್ಕಾರ ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಕಲಿಸಲು ಹೊರಟಿರುವ ‘ಮೂಲದಲ್ಲೇ ಕಸ ವಿಂಗಡಣೆ’ ಎಂಬುದು ಇದೇ ಬಕೆಟ್ಟಿನ ಇನ್ನೊಂದು ಹೆಸರು.

ಮಿಕ್ಕ ವಸ್ತುಗಳಿಗೂ ದಾರಿಗಳಿದ್ದವು. ಹಳೆಯ ಸೀರೆ ಬೊಂತೆಯಾಗುತ್ತಿತ್ತು, ಬೊಂತೆ ಹಳತಾದರೆ ಒರೆಸುವ ಬಟ್ಟೆಯಾಗುತ್ತಿತ್ತು. ಹಳೆಯ ಕಬ್ಬಿಣ, ಖಾಲಿ ಸೀಸೆ, ರದ್ದಿ ಕಾಗದ ಗುಜರಿಯವರ ಗಾಡಿ ಏರುತ್ತಿದ್ದವು. ಬಡತನವೂ ಇದಕ್ಕೆ ಕಾರಣವಾಗಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಹಿಂದಿನ ಕಾಲವನ್ನು ಹೊಗಳುವುದಕ್ಕಾಗಿ ಈ ಮಾತುಗಳಲ್ಲ. ಆ ವ್ಯವಸ್ಥೆ ಎಲ್ಲಿ ಮುರಿಯಿತು ಎಂಬುದನ್ನು ಪತ್ತೆ ಮಾಡದೆ ಅದನ್ನು ಮತ್ತೆ ಕಟ್ಟಲಾಗದು.

ಮುರಿದದ್ದು ಕಸ ಹೆಚ್ಚಾದುದರಿಂದ ಮಾತ್ರವಲ್ಲ, ಕಸ ಬೆರೆತುದರಿಂದ. ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲ, ಈ ಸೀಮೆಯ ಮಾತಿನಲ್ಲಿ ‘ಕವರು’, ಮನೆಯೊಳಗೆ ಬಂದ ಮೇಲೆ ಕಲಗಚ್ಚಿನ ಬಕೆಟ್ಟು ಹಿತ್ತಿಲಿನಿಂದ ಮಾಯವಾಯಿತು. ಅನ್ನ, ಸಿಪ್ಪೆ, ಬ್ಲೇಡು, ಔಷಧದ ಪಟ್ಟಿ, ಮಗುವಿನ ಡೈಪರು ಎಲ್ಲವನ್ನೂ ಒಂದೇ ಕವರಿಗೆ ತುಂಬಿ, ಬಾಯಿಗೆ ಗಂಟು ಹಾಕಿ, ಬೀದಿಯ ತುದಿಗೆ ಎಸೆಯುವ ಅಭ್ಯಾಸ ಬಂದಿತು. ಹಸುವಿಗೆ ಗಂಟು ಬಿಚ್ಚಲು ಬಾರದು. ವಾಸನೆ ಹಿಡಿದು ಬಂದ ಅದು ಕವರಿನ ಸಮೇತ ನುಂಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ಕೋಣೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಸಾಗುವುದಿಲ್ಲ. ಮುದ್ದೆಗಟ್ಟಿ ಅಲ್ಲಿಯೇ ಉಳಿಯುತ್ತದೆ. ಹೊಟ್ಟೆ ತುಂಬಿದಂತೆ ತೋರುತ್ತದೆ, ಹಸು ಒಣಗುತ್ತದೆ, ಹಾಲು ಇಳಿಯುತ್ತದೆ. ಗಡಿಯಾಚೆಯ ಪುಟ್ಟಪರ್ತಿಯ ಕರುಣಾ ಸೊಸೈಟಿ ಎಂಬ ಪ್ರಾಣಿದಯಾ ಸಂಸ್ಥೆ ಇಂತಹ ಹಸುಗಳ ಹೊಟ್ಟೆಯಿಂದ ಶಸ್ತ್ರಚಿಕಿತ್ಸೆಯ ಮೂಲಕ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದು, 2012ರಲ್ಲಿ ಈ ವಿಷಯವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತು. ಹಾಲಿನ ಡೇರಿಯೇ ಎಷ್ಟೋ ಮನೆಗಳ ವಾರದ ಸಂತೆಯ ದುಡ್ಡಾಗಿರುವ ಕೋಲಾರ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ.

ಇನ್ನು ಹಳ್ಳಿಯ ತಿಪ್ಪೆ. ಗುಟ್ಕಾ ಚೀಟಿ, ಶಾಂಪೂ ಸ್ಯಾಷೆ, ಬಿಸ್ಕತ್ತಿನ ಹೊದಿಕೆ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ತುದಿ ಇವು ತೂಕದಲ್ಲಿ ಅತ್ಯಲ್ಪ. ಒಂದು ಗಾಡಿ ಗೊಬ್ಬರದಲ್ಲಿ ಒಂದೆರಡು ಕಿಲೋ ಇದ್ದಾವು. ಆದರೆ ಗೊಬ್ಬರ ವರ್ಷದೊಳಗೆ ಮಣ್ಣಿನಲ್ಲಿ ಕರಗುತ್ತದೆ, ಚೂರುಗಳು ಉಳಿಯುತ್ತವೆ. ಪ್ರತಿ ವರ್ಷ ಒಂದೆರಡು ಕಿಲೋ ಸೇರುತ್ತ ಹೋದ ಹೊಲದಲ್ಲಿ ಉಳುವಾಗ ನೇಗಿಲಿಗೆ ಸಿಕ್ಕುವುದೇನೆಂದು ರೈತರಿಗೆ ವಿವರಿಸಬೇಕಾಗಿಲ್ಲ. ತೆಳು ಹಾಳೆ ಮಣ್ಣಿನ ಪದರಗಳ ನಡುವೆ ಮಲಗಿದರೆ ಮಳೆನೀರು ಇಂಗುವುದಕ್ಕೂ ಬೇರು ಇಳಿಯುವುದಕ್ಕೂ ಅಡ್ಡಿಯಾಗುತ್ತದೆ. ಬಿಸಿಲಿಗೆ ಪುಡಿಯಾದರೆ ಇನ್ನೂ ಕಷ್ಟ, ಆರಿಸಿ ತೆಗೆಯುವ ಮಾತೇ ಇಲ್ಲ.

ಕೋಲಾರದ ಕೆಂಪು ಮಣ್ಣಿಗೆ ಈ ಗೊಬ್ಬರ ಎಷ್ಟು ಅಗತ್ಯವೆಂಬುದನ್ನು ಒಂದು ಅಂಕಿಯಿಂದ ತಿಳಿಯಬಹುದು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಬರೆಯುತ್ತಾರೆ. ಈ ಭಾಗದ ಬೆದ್ದಲು ಹೊಲಗಳ ಚೀಟಿಗಳಲ್ಲಿ ಆ ಮಾತು ಸಾಮಾನ್ಯ. ನದಿಯ ಆಸರೆಯಿಲ್ಲದೆ, ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆಯನ್ನೇ ನಂಬಿದ ಜಿಲ್ಲೆಯಲ್ಲಿ ಮಣ್ಣು ನೀರನ್ನು ಹಿಡಿದಿಡುವುದು ಆ ಇಂಗಾಲದ ಬಲದಿಂದಲೇ. ಬೆದ್ದಲು ರಾಗಿಗೆ ಹೆಕ್ಟೇರಿಗೆ 7.5 ಟನ್ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು. ಅಷ್ಟು ಹಾಕುವವರು ಇಂದು ಎಷ್ಟು ಮಂದಿ? ಎತ್ತುಗಳು ಹೋದವು, ಟ್ರ್ಯಾಕ್ಟರು ಸಗಣಿ ಹಾಕುವುದಿಲ್ಲ. ಹೊರಗಿನಿಂದ ಲೋಡುಗಟ್ಟಲೆ ಕೋಳಿಗೊಬ್ಬರ ತರಿಸುವ ತರಕಾರಿ ಬೆಳೆಗಾರರು ಅದಕ್ಕೆ ಕೊಡುವ ಬೆಲೆಯನ್ನು ಲೆಕ್ಕ ಹಾಕಿದರೆ ಗೊಬ್ಬರದ ಕೊರತೆ ಅರಿವಾಗುತ್ತದೆ.

ಹಾಗಾದರೆ ಮನೆಯ ಹಸಿ ಕಸದಿಂದ ಈ ಕೊರತೆ ತುಂಬೀತೇ? ಇಲ್ಲಿ ಉತ್ಸಾಹಕ್ಕಿಂತ ಲೆಕ್ಕ ಒಳ್ಳೆಯದು. ಸಣ್ಣ ಪಟ್ಟಣದಲ್ಲಿ ಒಬ್ಬರಿಂದ ದಿನಕ್ಕೆ ಸುಮಾರು 250 ಗ್ರಾಂ ಕಸ ಬರುತ್ತದೆಂದು ಇಟ್ಟುಕೊಂಡರೆ, ಐದು ಮಂದಿಯ ಮನೆಗೆ 1.25 ಕಿಲೋ. ಅದರಲ್ಲಿ ಅರ್ಧ ಹಸಿ ಕಸವೆಂದರೂ ವರ್ಷಕ್ಕೆ 225 ಕಿಲೋ ಆಸುಪಾಸು. ಕೊಳೆತು ಗೊಬ್ಬರವಾದಾಗ ಮೂರನೇ ಒಂದು ಪಾಲು, ಅಂದರೆ 75 ಕಿಲೋ ಉಳಿಯುತ್ತದೆ. ನೂರು ಮನೆಗಳಿಂದ 7.5 ಟನ್. ನೂರು ಮನೆಯ ಅಡಿಗೆಮನೆಗಳು ಒಂದು ಹೆಕ್ಟೇರು ರಾಗಿಗೆ ಗೊಬ್ಬರ ಕೊಡುತ್ತವೆ ಎಂದಾಯಿತು. 2011ರ ಜನಗಣತಿಯಂತೆ ಕೋಲಾರ ನಗರದ ಜನಸಂಖ್ಯೆ ಸುಮಾರು 1.38 ಲಕ್ಷ. ಇದೇ ಲೆಕ್ಕದಲ್ಲಿ ಆ ಇಡೀ ನಗರ ಸಲಹುವುದು 275 ಹೆಕ್ಟೇರಿನಷ್ಟು ಹೊಲವನ್ನು. ದೊಡ್ಡದಲ್ಲ, ಆದರೆ ಸಣ್ಣದೂ ಅಲ್ಲ. ಮನೆಕಸದಿಂದಲೇ ಜಿಲ್ಲೆಯ ಬೇಸಾಯ ಉದ್ಧಾರವಾಗುತ್ತದೆ ಎನ್ನುವವರ ಮಾತನ್ನು ನಂಬಬೇಕಾಗಿಲ್ಲ. ತಿಪ್ಪೆಯ ಮುಖ್ಯ ಭಾಗ ಇಂದಿಗೂ ಸಗಣಿಯೇ. ಹಸಿ ಕಸ ಶುದ್ಧವಾಗಿ ತಿಪ್ಪೆಗೆ ಬಂದರೆ ಆಗುವ ನಿಜವಾದ ಲಾಭ ಬೇರೆಯದು: ಒಣ ಕಸವೂ ಶುದ್ಧವಾಗಿ ಉಳಿಯುತ್ತದೆ. ಸಾಂಬಾರು ಮೆತ್ತಿದ ಕಾಗದವನ್ನು ಗುಜರಿಯವರು ಮುಟ್ಟುವುದಿಲ್ಲ, ಅದೇ ಕಾಗದ ಒಣಗಿದ್ದರೆ ಅದಕ್ಕೆ ಕಾಸು ಹುಟ್ಟುತ್ತದೆ.

ಪಟ್ಟಣದ ಕಸವನ್ನು ಹೊಲಕ್ಕೆ ಮರಳಿಸುವ ವಿದ್ಯೆಯ ಒಂದು ಮುಖ್ಯ ಪಾಠ ಇಲ್ಲಿಂದ ಎಪ್ಪತ್ತು ಕಿಲೋಮೀಟರು ದೂರದಲ್ಲೇ ರೂಪುಗೊಂಡಿತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸ ಮತ್ತು ಮಲವನ್ನು ಉದ್ದನೆಯ ಗುಂಡಿಗಳಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಆರೇಳು ತಿಂಗಳು ಬಿಟ್ಟು ಗೊಬ್ಬರ ಮಾಡುವ ವಿಧಾನವನ್ನು ಬೆಳೆಸಿದರು. ಕೃಷಿ ಪಠ್ಯಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಅದಕ್ಕೂ ಮೊದಲು ಆಲ್ಬರ್ಟ್ ಹೋವರ್ಡ್ ಅವರು ಇಂದೋರಿನಲ್ಲಿ ರೂಪಿಸಿದ್ದ ವಿಧಾನದಲ್ಲಿ ಗೊಬ್ಬರವನ್ನು ಆಗಾಗ ಮಗುಚಿ ನೀರು ಹಾಕಬೇಕಿತ್ತು. ಮಗುಚುವ ಆಳಿಲ್ಲದ, ಹಾಕಲು ನೀರಿಲ್ಲದ ಒಣಸೀಮೆಗೆ ಮುಚ್ಚಿದ ಗುಂಡಿಯೇ ಒಗ್ಗುವುದು, ಏಕೆಂದರೆ ಅದರಲ್ಲಿ ತೇವ ಆರುವುದಿಲ್ಲ. ಅದೇ ಬೆಂಗಳೂರಿನಲ್ಲಿ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಆರಂಭವಾಯಿತು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಲ್ಲ, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಅವರು ಎರೆಹುಳುವಿನ ಮೇಲೆ ನಡೆಸಿದ ಸಂಶೋಧನೆ ಎರೆಗೊಬ್ಬರವನ್ನು ರಾಜ್ಯದ ರೈತರ ಹಿತ್ತಿಲಿಗೆ ತಂದಿತು.

ವಿದ್ಯೆ ಇತ್ತು, ಸಂಸ್ಥೆಗಳಿದ್ದವು. ಆದರೂ ನಗರದ ಕಸ ಏಕೆ ಹೊಲಕ್ಕೆ ಮರಳಲಿಲ್ಲ? ಆಚಾರ್ಯರ ಗುಂಡಿಗೆ ಬಿದ್ದ ಕಸದಲ್ಲಿ ಬಾಳೆ ಎಲೆ, ಬೂದಿ, ಧೂಳು ಇದ್ದವು, ಕವರು ಇರಲಿಲ್ಲ. ಬ್ಯಾಟರಿ, ಬಣ್ಣದ ಡಬ್ಬಿ, ಟ್ಯೂಬ್‌ಲೈಟು, ಕವರು ಬೆರೆತ ಕಸವನ್ನು ಯಾವ ಯಂತ್ರದಲ್ಲಿ ಜರಡಿ ಹಿಡಿದರೂ ಗಾಜಿನ ಚೂರು ಉಳಿಯುತ್ತದೆ, ಸೀಸ ಕ್ಯಾಡ್ಮಿಯಂಗಳಂತಹ ಲೋಹಗಳು ಕಣ್ಣಿಗೆ ಕಾಣದೆ ಉಳಿಯುತ್ತವೆ. ಬರಿಗಾಲಲ್ಲಿ ಗದ್ದೆಗಿಳಿಯುವ ರೈತ ಒಮ್ಮೆ ಅಂಗಾಲು ಕೊಯ್ದುಕೊಂಡರೆ ಮತ್ತೆ ಆ ಗೊಬ್ಬರ ತರಿಸುವುದಿಲ್ಲ. ಹೊಲಕ್ಕೆ ಹೋಗಲಾಗದ ಕಸ ಹಳ್ಳಿಗಳ ನೆತ್ತಿಗೆ ಹೋಯಿತು. ಬೆಂಗಳೂರಿನ ಪೂರ್ವದಂಚಿನ ಮಂಡೂರಿನ ಜನ 2014ರಲ್ಲಿ ಲಾರಿಗಳನ್ನು ತಡೆದು ಕುಳಿತದ್ದು, ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತದ್ದು ಕೇಳುಗರಿಗೆ ನೆನಪಿದ್ದೀತು.

ಇಲ್ಲೊಂದು ವಿಚಾರವನ್ನು ಗಮನಿಸಬೇಕು. ಬೆಂಗಳೂರು ಬಳಸಿದ ನೀರು ಇಂದು ಕೋಲಾರದ ಕೆರೆಗಳಲ್ಲಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರು ನೀರನ್ನು ಹರಿಸಿ 126 ಕೆರೆಗಳನ್ನು ತುಂಬಿಸುವ ಉದ್ದೇಶದ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಿತು. ಮರುತಿಂಗಳೇ ಅಲ್ಲಿ ನೊರೆ ಎದ್ದಿತು, ವಿವಾದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂರನೇ ಹಂತದ ಸಂಸ್ಕರಣೆ ಇಲ್ಲದೆ ನೀರು ಹರಿಸಬಾರದೆಂದು ಹೋರಾಟಗಾರರು ಹೇಳುತ್ತ ಬಂದಿದ್ದಾರೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಯೋಜನೆ ಬೇಕೆನ್ನುತ್ತಾರೆ. ಎರಡು ಮಾತುಗಳಲ್ಲೂ ಸತ್ಯವಿದೆ. ಈ ಸಂದರ್ಭಕ್ಕೆ ಬೇಕಾದ ಅಂಶ ಇಷ್ಟೇ: ಮನೆಯೊಂದರ ಬಚ್ಚಲಿಗೆ ಸುರಿದ ಸೋಪಿನ ಪುಡಿ ದೂರದ ಇನ್ನೊಬ್ಬರ ಕೆರೆಯಲ್ಲಿ ನೊರೆಯಾಗಿ ಏಳಬಲ್ಲದು. ಬೆಂಗಳೂರಿನ ಕೊಳೆಯನ್ನು ಸರಿಯಾಗಿ ತೊಳೆದು ಕಳುಹಿಸಿರೆಂದು ಕೇಳುವ ಹಕ್ಕು ಕೋಲಾರಕ್ಕೆ ಖಂಡಿತ ಇದೆ. ಆದರೆ ಆ ನೀರು ಬಂದು ನಿಲ್ಲುವ ಕೆರೆಯ ಕಟ್ಟೆಯ ಮೇಲೆ ಊರಿನವರೇ ಕವರು ಸುರಿದು ಬೆಂಕಿ ಇಟ್ಟರೆ ಆ ಹಕ್ಕಿನ ಮಾತು ಮೆತ್ತಗಾಗುತ್ತದೆ.

ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕೆರೆಗಳಿವೆ. ಬೆಟ್ಟಗಳ ಬುಡದಿಂದ ಕಾಲುವೆಗಳು ಮೇಲಿನ ಕೆರೆಗೆ, ಅದರ ಕೋಡಿಯಿಂದ ಕೆಳಗಿನ ಕೆರೆಗೆ ಸಾಲುಸಾಲಾಗಿ ಇಳಿಯುತ್ತವೆ. ಅಂತರಗಂಗೆಯ ಮೆಟ್ಟಿಲುಗಳಲ್ಲಿ, ಆವನಿಯ ಜಾತ್ರೆಯಲ್ಲಿ ಬಿಟ್ಟ ನೀರಿನ ಬಾಟಲಿಯೂ ಪ್ರಸಾದದ ಲೋಟವೂ ಮೊದಲ ಗುಡುಗುಮಳೆಗೆ ಇದೇ ದಾರಿಯಲ್ಲಿ ಇಳಿಯುತ್ತವೆ. ತೂಬಿನ ಬಾಯಿಗೆ ಕಟ್ಟಿಕೊಂಡ ಕವರಿನ ಗಂಟನ್ನು ಬಿಡಿಸಿದ ನೀರುಗಂಟಿಗೆ ಇದು ಗೊತ್ತು. ಕೆರೆಯ ಗೋಡನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಯುವುದು ಈ ಸೀಮೆಯ ಇನ್ನೊಂದು ಹಳೆಯ ಮರುಬಳಕೆ. ಮಳೆಯಲ್ಲಿ ಕೊಚ್ಚಿ ಹೋದ ಹೊಲದ ಮೇಲ್ಮಣ್ಣೇ ಗೋಡಾಗಿ ಹೊಲಕ್ಕೆ ಮರಳುತ್ತಿತ್ತು. ಪಟ್ಟಣದ ಪಕ್ಕದ ಕೆರೆಗಳ ಗೋಡನ್ನು ಒಯ್ಯಲು ರೈತರು ಹಿಂದೆಮುಂದೆ ನೋಡುವಂತಾಗಿದ್ದರೆ ಕಾರಣ ತಿಪ್ಪೆಯದೇ ಕಾರಣ.

ಮನೆಕಸದ ಮಾತಿನಲ್ಲಿ ಹೊಲದ ಕಸವನ್ನು ಬಿಡುವಂತಿಲ್ಲ, ಏಕೆಂದರೆ ಈ ತಾಲ್ಲೂಕುಗಳಲ್ಲಿ ಹೊಲವೂ ಮನೆಯ ಮುಂದುವರಿಕೆಯೇ. ಟೊಮೆಟೊ ತೋಟದ ಕಪ್ಪು–ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು ಇಪ್ಪತ್ತೈದು ಮೂವತ್ತು ಮೈಕ್ರಾನ್ ದಪ್ಪದ್ದು. ಕಳೆ ತಡೆಯುತ್ತದೆ, ತೇವ ಉಳಿಸುತ್ತದೆ, ನೀರಿಲ್ಲದ ಸೀಮೆಗೆ ಅದರ ಉಪಕಾರ ಸಣ್ಣದಲ್ಲ. ಬೆಳೆ ಮುಗಿದ ಮೇಲೆ ಅದು ಹರಿದು, ಮಣ್ಣು ಮೆತ್ತಿ, ತನ್ನ ತೂಕಕ್ಕಿಂತ ಹೆಚ್ಚು ಮಣ್ಣನ್ನು ಹೊತ್ತು ಬರುತ್ತದೆ. ಗುಜರಿಯವರು ಅದನ್ನು ಕೊಳ್ಳುವುದಿಲ್ಲ. ಬದುವಿನ ಮೇಲೆ ಗುಡ್ಡೆ ಹಾಕಿ, ಗಿಡಕ್ಕೆ ಕಟ್ಟಿದ ಪ್ಲಾಸ್ಟಿಕ್ ದಾರದ ಸಮೇತ ಸಂಜೆ ಬೆಂಕಿ ಕೊಡುತ್ತಾರೆ. ಆ ಹೊಗೆ ಮೊದಲು ಹೊಕ್ಕುವುದು ಕೊಡುವವರ ಎದೆಯನ್ನೇ. ಮಂದವಾಗಿ ಉರಿಯುವ ಕಸದಲ್ಲಿ ಪಿ.ವಿ.ಸಿ. ಚೂರುಗಳಿದ್ದರೆ ಡಯಾಕ್ಸಿನ್‌ಗಳೆಂಬ ವಿಷಗಳು ಹುಟ್ಟುತ್ತವೆ. ಅವು ಮೇವಿನ ಮೇಲೆ ಕೂತು ಹಸುವಿನ ಕೊಬ್ಬಿನಲ್ಲಿ ಸೇರಿ ಹಾಲಿಗೆ ಬರುತ್ತವೆ.

ಅದೇ ಟೊಮೆಟೊ ವ್ಯಾಪಾರದಲ್ಲಿ ಒಂದು ಒಳ್ಳೆಯ ಉದಾಹರಣೆಯೂ ಇದೆ. ಕೋಲಾರದ ಎ.ಪಿ.ಎಂ.ಸಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿದ್ದನ್ನೂ, ಬೆಲೆ ಬಿದ್ದ ವರ್ಷಗಳಲ್ಲಿ ರಸ್ತೆ ಬದಿಗೆ ಹಣ್ಣು ಸುರಿದದ್ದನ್ನೂ ಜನ ಕಂಡಿದ್ದಾರೆ. ಹಣ್ಣು ರಸ್ತೆಗೆ ಬಿದ್ದೀತು, ಪ್ಲಾಸ್ಟಿಕ್ ಕ್ರೇಟನ್ನು ಮಾತ್ರ ಯಾರೂ ಎಸೆಯುವುದಿಲ್ಲ. ಕ್ರೇಟು ಹೊಲದಿಂದ ಮಂಡಿಗೆ, ಮಂಡಿಯಿಂದ ಹೊಲಕ್ಕೆ ವರ್ಷಗಟ್ಟಲೆ ತಿರುಗುತ್ತದೆ. ಏಕೆಂದರೆ ಅದರ ಮೇಲೆ ಮಾಲೀಕರ ಗುರುತಿದೆ, ಅದು ಯಾರದೋ ಲೆಕ್ಕದಲ್ಲಿದೆ. ಮಲ್ಚಿಂಗ್ ಶೀಟೂ ಪ್ಲಾಸ್ಟಿಕ್ಕೇ, ಕ್ರೇಟೂ ಪ್ಲಾಸ್ಟಿಕ್ಕೇ. ವಸ್ತು ಒಂದೇ, ಲೆಕ್ಕ ಬೇರೆ. ಹಳ್ಳಿಯ ಡೇರಿಯಲ್ಲಿಯೂ ಹಾಗೆಯೇ: ಹಾಲು ಹೊರಡುವುದು ತೊಳೆದು ತೊಳೆದು ಬಳಸುವ ಕ್ಯಾನಿನಲ್ಲಿ, ಅದೇ ಹಾಲು ಊರಿನ ಅಂಗಡಿಗೆ ಹಿಂದಿರುಗುವುದು ಪ್ಯಾಕೆಟ್ಟಿನಲ್ಲಿ. ಹಸುವಿರುವ ಊರಿನಲ್ಲೇ ಪ್ಯಾಕೆಟ್ ಹಾಲು ಕೊಳ್ಳುವುದು ವಿಚಿತ್ರವಾಗಿ ಯಾರಿಗೂ ತೋರದಿರುವುದೇ ವಿಚಿತ್ರ.

ಕಾನೂನಿನ ಕೊರತೆ ಇಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನ ಕೇಂದ್ರದ ಘನತ್ಯಾಜ್ಯ ನಿಯಮಗಳು ಪ್ರತಿ ಮನೆಯೂ ಕಸವನ್ನು ಮೂರಾಗಿ ವಿಂಗಡಿಸಬೇಕೆಂದೂ, ಬಯಲಲ್ಲಿ ಸುಡಬಾರದೆಂದೂ ಹೇಳಿದವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಮುಳಬಾಗಿಲಿನ ಸಂತೆಯಲ್ಲಿ ಸೊಪ್ಪು ಕೊಂಡವರ ಕೈಯಲ್ಲಿ ಏನಿದೆ ಎಂದು ನೋಡಿದರೆ ಈ ಕಾನೂನುಗಳ ಬಲ ತಿಳಿಯುತ್ತದೆ.

ಗ್ರಾಮ ಪಂಚಾಯಿತಿಗಳಲ್ಲಿ ಈಚಿನ ವರ್ಷಗಳಲ್ಲಿ ‘ಸ್ವಚ್ಛ ಸಂಕೀರ್ಣ’ಗಳೆಂಬ ಘಟಕಗಳು ಎದ್ದಿವೆ. ‘ಸ್ವಚ್ಛ ವಾಹಿನಿ’ ಗಾಡಿಗಳನ್ನು ಸಂಜೀವಿನಿ ಒಕ್ಕೂಟಗಳ ಮಹಿಳೆಯರು ಓಡಿಸುತ್ತಾರೆ. ಚಾಲನಾ ಪರವಾನಗಿ ಪಡೆದು ಊರ ಮಧ್ಯೆ ಗಾಡಿ ಓಡಿಸುವ ಹೆಣ್ಣುಮಗಳನ್ನು ನೋಡುವುದೇ ಹಳ್ಳಿಯ ಹುಡುಗಿಯರಿಗೆ ಒಂದು ಪಾಠ. ಆದರೆ ಎಲ್ಲ ಕಡೆ ಇದು ಒಂದೇ ತೆರನಾಗಿ ನಡೆಯುತ್ತಿಲ್ಲ. ಷೆಡ್ಡು ಕಟ್ಟಿ, ಗೋಡೆಗೆ ಚಿತ್ರ ಬಿಡಿಸಿ, ಉದ್ಘಾಟನೆಯಾದ ಮೇಲೆ ಬೀಗ ಬಿದ್ದ ಘಟಕಗಳೂ ಇವೆ. ಇದರ ಕಾರಣವನ್ನು ಸೋಮಾರಿತನದ ಮೇಲೆ ಹಾಕಿಬಿಡುವುದು ಸುಲಭ. ನಿಜವಾದ ಕಾರಣ ‘ಕಸದಿಂದ ರಸ’ ಎಂಬ ಘೋಷಣೆಯಲ್ಲಿದೆ. ಕಸ ಮಾರಿ ಬರುವ ದುಡ್ಡಿನಲ್ಲೇ ಕಸ ಎತ್ತುವವರ ಕೂಲಿ ಹುಟ್ಟುತ್ತದೆ ಎಂಬ ಭ್ರಮೆಯನ್ನು ಈ ಘೋಷಣೆ ಬಿತ್ತಿತು. ರಟ್ಟು, ಬಾಟಲಿ, ಹಾಲಿನ ಪ್ಯಾಕೆಟ್ಟು, ತಗಡು ಇವುಗಳಿಗೆ ಕೊಳ್ಳುವವರಿದ್ದಾರೆ. ಚಿಪ್ಸಿನ, ಗುಟ್ಕಾದ, ಶಾಂಪೂವಿನ ಹೊದಿಕೆಗಳಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಬೇರ್ಪಡಿಸಲಾಗದಂತೆ ಅಂಟಿರುವುದರಿಂದ ಅವುಗಳನ್ನು ಯಾರೂ ಕೊಳ್ಳರು. ಹೆಚ್ಚೆಂದರೆ ಸಿಮೆಂಟು ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗಬೇಕು, ಅದಕ್ಕೂ ಸಾಗಣೆ ಖರ್ಚು ಪಂಚಾಯಿತಿಯದೇ. ಚರಂಡಿ ಹೂಳೆತ್ತುವುದಕ್ಕೆ, ಬೀದಿದೀಪ ಹಚ್ಚುವುದಕ್ಕೆ ಲಾಭ ಕೇಳದ ಊರು ಕಸ ಎತ್ತುವುದಕ್ಕೆ ಮಾತ್ರ ಲಾಭ ಕೇಳುವುದು ನ್ಯಾಯವಲ್ಲ. ಮನೆಗೆ ತಿಂಗಳಿಗೆ ಇಷ್ಟೆಂದು ಗ್ರಾಮಸಭೆಯಲ್ಲೇ ಶುಲ್ಕ ಗೊತ್ತುಮಾಡಿ, ಆ ಹೆಣ್ಣುಮಕ್ಕಳ ಕೂಲಿಯನ್ನು ತಿಂಗಳ ಮೊದಲ ವಾರ ಕೊಟ್ಟರೆ ಬೀಗ ತಾನಾಗಿ ತೆರೆಯುತ್ತದೆ.

ನಡೆದು ತೋರಿಸಿದ ಊರುಗಳಿವೆ. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯಿತಿ ಮನೆಮನೆಯಿಂದ ಬೇರೆಬೇರೆಯಾಗಿ ಕಸ ತಂದು, ಒಣ ಕಸವನ್ನು ಹಲವು ಬಗೆಯಾಗಿ ಆರಿಸಿ ಮಾರುವ ಕೇಂದ್ರವನ್ನು ನಡೆಸಿ ರಾಜ್ಯಕ್ಕೆ ಮಾದರಿಯಾಯಿತು. ಅಲ್ಲಿಗೆ ಈ ವಿದ್ಯೆ ಬಂದದ್ದು ವೆಲ್ಲೂರು ಶ್ರೀನಿವಾಸನ್ ಅವರಿಂದ. ವೆಲ್ಲೂರೆಂದರೆ ಕೋಲಾರ ಜಿಲ್ಲೆಯ ಮೂಲಕ ಹರಿದು ತಮಿಳುನಾಡಿಗಿಳಿಯುವ ಪಾಲಾರ್ ನದಿಯ ದಂಡೆಯ ಊರು. ಶ್ರೀನಿವಾಸನ್ ಅವರ ಪದ್ಧತಿಯಲ್ಲಿ ತಾಜಾ ತರಕಾರಿ ಕಸ ನೇರವಾಗಿ ಗೊಬ್ಬರದ ಗುಂಡಿಗೆ ಹೋಗುವುದಿಲ್ಲ. ಮೊದಲು ಹಸುವಿಗೆ, ಕೋಳಿ ಬಾತುಗಳಿಗೆ. ಅವು ಬಿಟ್ಟದ್ದು, ಅವುಗಳ ಸಗಣಿಯೊಂದಿಗೆ ಗುಂಡಿಗೆ. ಕೋಲಾರದ ಹಿತ್ತಿಲಿನ ಕಲಗಚ್ಚಿನ ಬಕೆಟ್ಟೇ ಪಾಲಾರಿನ ಕೆಳದಂಡೆಗೆ ಹೋಗಿ, ಪಡುವಣ ಕರಾವಳಿಯನ್ನು ಸುತ್ತಿ, ಹೊಸ ಹೆಸರಿನಲ್ಲಿ ಮರಳಿ ಬಾಗಿಲಿಗೆ ಬಂದಂತಿದೆ.

ಈ ನಾಲ್ಕು ತಾಲ್ಲೂಕುಗಳಿಗೆ ಒಂದೇ ಸೂತ್ರ ಸಲ್ಲದು. ಶ್ರೀನಿವಾಸಪುರ ಮಾವಿನ ತಾಲ್ಲೂಕು. ತೋಪುಗಳಲ್ಲಿ ಉದುರಿದ ಎಲೆಯನ್ನು ಗುಡಿಸಿ ಸುಡುವ ಅಭ್ಯಾಸ ಅಲ್ಲಿದೆ. ಗೊಬ್ಬರದ ಗುಂಡಿಯಲ್ಲಿ ಇಂಗಾಲ ಮತ್ತು ಸಾರಜನಕ ಇಪ್ಪತ್ತೈದು ಮೂವತ್ತಕ್ಕೆ ಒಂದರಂತೆ ಇದ್ದರೆ ಕೊಳೆಯುವಿಕೆ ಸರಾಗ. ಅಡಿಗೆಮನೆಯ ಕಸದಲ್ಲಿ ಸಾರಜನಕ ಹೆಚ್ಚು, ಒಣಗಿದ ಮಾವಿನೆಲೆಯಲ್ಲಿ ಇಂಗಾಲ ಹೆಚ್ಚು. ಊರಿನ ಹಸಿ ಕಸವೂ ತೋಪಿನ ತರಗೆಲೆಯೂ ಒಂದೇ ಗುಂಡಿಯಲ್ಲಿ ಕೂಡಿದರೆ ವಾಸನೆಯಿಲ್ಲ, ನೊಣವಿಲ್ಲ. ಮಾಲೂರಿನಲ್ಲಿ ನೀಲಗಿರಿ ಎಲೆ ಹೇರಳ. ಅದರ ಎಣ್ಣೆಯಂಶದಿಂದ ಕೊಳೆಯುವುದು ನಿಧಾನವಾದ್ದರಿಂದ ಅದನ್ನು ಸ್ವಲ್ಪವೇ ಬಳಸಿ ಸಗಣಿಯ ಬಗ್ಗಡವನ್ನು ಹೆಚ್ಚು ಹಾಕಬೇಕು. ರೇಷ್ಮೆ ಸಾಕುವ ಮನೆಗಳ ಹಿಕ್ಕೆ ಉತ್ತಮ ಗೊಬ್ಬರವೇ, ಆದರೆ ಹುಳುವಿಗೆ ರೋಗ ಬಂದಿದ್ದರೆ ಅದನ್ನು ಹಸಿಯಾಗಿ ಹಿಪ್ಪುನೇರಳೆ ತೋಟಕ್ಕೆ ಹಾಕಲೇಬಾರದು, ಗುಂಡಿಯ ಕಾವಿನಲ್ಲಿ ಕಳಿತ ಮೇಲಷ್ಟೇ. ಮುಳಬಾಗಿಲಿನ ಕಷ್ಟ ಹೆದ್ದಾರಿಯದು. ನಂಗಲಿಯವರೆಗಿನ ರಸ್ತೆ ಬದಿಯ ಹೋಟೆಲುಗಳ ಕಸಕ್ಕೆ ಊರಿನ ಸಂಘಗಳು ಹೊಣೆಯಲ್ಲ, ಹೋಟೆಲಿನವರಿಂದಲೇ ಪಂಚಾಯಿತಿ ವಸೂಲಿ ಮಾಡಬೇಕು.

ಮದುವೆ, ಜಾತ್ರೆ, ತಿಥಿಗಳ ಊಟಕ್ಕೆ ಮುತ್ತುಗದ ಎಲೆಯನ್ನೋ ಬಾಳೆ ಎಲೆಯನ್ನೋ ಮತ್ತೆ ತರುವುದು ಕಷ್ಟವಲ್ಲ. ಕಷ್ಟವಿರುವುದು ನೀರಿನ ಲೋಟದಲ್ಲಿ. ಐನೂರು ಸ್ಟೀಲ್ ಲೋಟಗಳನ್ನು ಸ್ವಸಹಾಯ ಸಂಘವೊಂದು ಕೊಂಡಿಟ್ಟು ಬಾಡಿಗೆಗೆ ಕೊಟ್ಟರೆ ಎರಡು ಮೂರು ಊರಿನ ಮದುವೆಗಳಿಗೆ ಸಾಕು. ಕಳೆದುಹೋದ ಲೋಟಕ್ಕೆ ದಂಡ ಹಾಕಬೇಕು, ಇಲ್ಲವಾದರೆ ಎರಡನೇ ಮದುವೆಗೆ ನಾನೂರು ಉಳಿದಾವು. ಕ್ರೇಟಿನ ಪಾಠ ಇಲ್ಲಿಯೂ ಅದೇ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಬರುವ ಬೇಸಿಗೆಯಲ್ಲಿ ತಿಪ್ಪೆ ಹೊಡೆಯುವ ಮುನ್ನ, ತಂತಮ್ಮ ಊರಿನ ಐದು ತಿಪ್ಪೆಗಳಿಂದ ಹತ್ತು ಹತ್ತು ಮಂಕರಿ ಗೊಬ್ಬರವನ್ನು, ಮನೆಯವರ ಒಪ್ಪಿಗೆ ಪಡೆದು, ಗೋಣಿಚೀಲದ ಮೇಲೆ ಹರಡಬೇಕು. ಕೈಗೆ ಚೀಲ ಹಾಕಿಕೊಂಡು ಗೊಬ್ಬರವಲ್ಲದ್ದನ್ನೆಲ್ಲ ಆರಿಸಿ, ತೊಳೆದು, ಒಣಗಿಸಿ ತೂಗಬೇಕು. ಗುಟ್ಕಾ ಚೀಟಿ ಎಷ್ಟು, ಶಾಂಪೂ ಸ್ಯಾಷೆ ಎಷ್ಟು, ಕವರಿನ ಚೂರು ಎಷ್ಟು, ಔಷಧದ ಪಟ್ಟಿ, ಗಾಜು ಎಷ್ಟು ಎಂದು ಬೇರೆಬೇರೆಯಾಗಿ ಎಣಿಸಿ ಬರೆಯಬೇಕು. ಯಾರ ಮನೆಯ ತಿಪ್ಪೆ ಎಂಬುದನ್ನು ಬರೆಯುವುದು ಬೇಡ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿ, ಆರಿಸಿದ ರಾಶಿಯನ್ನೂ ಅಲ್ಲಿಗೇ ತಂದಿಡಬೇಕು. ಆರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಚೇಳು ಇದ್ದೀತು, ಜೋಪಾನ.